ಊರಿನ ಹೆಸರು, ಸರಕಿನ ಗುಣ

(ಸಣ್ಣ ಪಟ್ಟಣವೊಂದರ ವರ್ತಕರು ಮತ್ತು ಕುಶಲಕರ್ಮಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕರ್ನಾಟಕದ ಕೆಲವು ಊರುಗಳ ಹೆಸರು ಒಂಟಿಯಾಗಿ ಬಾಯಿಗೆ ಬರುವುದೇ ಇಲ್ಲ. ಧಾರವಾಡ ಎಂದೊಡನೆ ಪೇಢೆ, ಇಳಕಲ್ ಎಂದೊಡನೆ ಸೀರೆ, ಚನ್ನಪಟ್ಟಣ ಎಂದೊಡನೆ ಗೊಂಬೆ, ಗೋಕಾಕ ಎಂದೊಡನೆ ಕರದಂಟು, ಮದ್ದೂರು ಎಂದೊಡನೆ ವಡೆ ನೆನಪಾಗುತ್ತದೆ. ಈ ಊರುಗಳಲ್ಲಿ ಒಮ್ಮೆಯೂ ಇಳಿಯದವರು ಕೂಡ ಅವುಗಳ ಹೆಸರು ಬಲ್ಲರು. ಒಂದು ತಿಂಡಿ, ಒಂದು ಬಟ್ಟೆ, ಒಂದು ಆಟಿಕೆ ಸೇರಿ ಆ ಊರುಗಳಿಗೆ ದೂರದೂರದಲ್ಲಿ ಹೆಸರು ತಂದುಕೊಟ್ಟಿವೆ.

ಇಂಥ ಹೆಸರು ಹೇಗೆ ಹುಟ್ಟುತ್ತದೆ? ಹುಟ್ಟಿದ ಮೇಲೆ ಹೇಗೆ ಉಳಿಯುತ್ತದೆ, ಹೇಗೆ ಕೈತಪ್ಪಿ ಹೋಗುತ್ತದೆ? ಸಣ್ಣ ಊರಿನಲ್ಲಿ ಕುಳಿತು ಏನನ್ನಾದರೂ ತಯಾರಿಸಿ ಮಾರುವವರೆಲ್ಲರೂ ಯೋಚಿಸಬೇಕಾದ ಪ್ರಶ್ನೆಗಳಿವು. ಇದಕ್ಕೆ ಹಿರಿಯರು ಕೊಡುವ ಉತ್ತರ ಸರಳ: ‘ಮಾಲು ಒಳ್ಳೆಯದಿರಲಿ, ಗಿರಾಕಿ ತಾನಾಗಿ ಬರುತ್ತಾನೆ.’ ಈ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಒಳ್ಳೆಯ ಮಾಲು ತಯಾರಿಸುವುದು ಅರ್ಧ ಕೆಲಸ. ಅದು ಒಳ್ಳೆಯದೆಂದು ದೂರದಲ್ಲಿರುವ, ತಯಾರಿಸಿದವರ ಮುಖವನ್ನೇ ನೋಡದ ಕೊಳ್ಳುಗನಿಗೆ ಖಾತ್ರಿಯಾಗುವಂತೆ ಮಾಡುವುದು ಉಳಿದರ್ಧ. ಈ ಎರಡನೆಯ ಕೆಲಸ ಒಬ್ಬ ಅಂಗಡಿಕಾರನಿಂದ ಆಗುವಂಥದ್ದಲ್ಲ, ಅದಕ್ಕೆ ಊರೇ ಸೇರಬೇಕು ಎಂಬುದನ್ನು ಈ ನಾಡಿನ ಚರಿತ್ರೆಯೇ ತೋರಿಸಿಕೊಡುತ್ತದೆ.

ಮುಖಪರಿಚಯದ ವ್ಯಾಪಾರ

ವಾರದ ಸಂತೆಯನ್ನು ನೆನೆಸಿಕೊಳ್ಳಿ. ಅಲ್ಲಿ ಗಡಿಗೆ ಮಾರುವ ಕುಂಬಾರ, ಕಂಬಳಿ ಮಾರುವ ಕುರುಬ, ಬೆಲ್ಲ ತಂದ ಗಾಣದವನು ಎಲ್ಲರೂ ಕೊಳ್ಳುವವರಿಗೆ ಗೊತ್ತಿದ್ದವರು. ಗಡಿಗೆ ಸೋರಿದರೆ ಮುಂದಿನ ವಾರ ಅದೇ ಜಾಗದಲ್ಲಿ ಅದೇ ಕುಂಬಾರ ಸಿಗುತ್ತಿದ್ದ. ಹೀಗಾಗಿ ಅಲ್ಲಿ ಗುಣಮಟ್ಟಕ್ಕೆ ಕಾಗದಪತ್ರ ಬೇಕಿರಲಿಲ್ಲ, ಮುಖವೇ ಸಾಕ್ಷಿ. ಬೆರಳಿನಿಂದ ತಟ್ಟಿ ಸದ್ದು ಕೇಳುವುದು, ಎಳೆ ಹಿಡಿದು ಜಗ್ಗಿ ನೋಡುವುದು, ಚಿಟಿಕೆ ಬಾಯಿಗೆ ಹಾಕಿಕೊಳ್ಳುವುದು ಇವೇ ಪರೀಕ್ಷೆಗಳು. ಮೋಸ ಮಾಡಿದವನ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡುತ್ತಿತ್ತು.

ಸರಕು ಊರ ಗಡಿ ದಾಟಿದೊಡನೆ ಈ ಏರ್ಪಾಡು ಕುಸಿಯುತ್ತದೆ. ನೂರು ಹರಿದಾರಿ ಆಚೆಯ ಕೊಳ್ಳುಗನಿಗೆ ಕುಂಬಾರನ ಮುಖ ಕಾಣದು. ಮಧ್ಯದಲ್ಲಿ ನಾಲ್ಕು ಕೈ ಬದಲಾಗಿರುತ್ತದೆ. ಒಳ್ಳೆಯದೂ ಕೆಟ್ಟದ್ದೂ ಒಂದೇ ರಾಶಿಯಲ್ಲಿ ಬಿದ್ದಿದ್ದು, ಎರಡನ್ನೂ ಬೇರೆ ಮಾಡಿ ಗುರುತಿಸುವ ದಾರಿಯಿಲ್ಲದಿದ್ದರೆ ಕೊಳ್ಳುಗ ಎರಡಕ್ಕೂ ಕಡಿಮೆ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾಡುವವನಿಗೆ ಗಿಟ್ಟುವುದಿಲ್ಲ. ಅವನು ಒಂದೋ ಕೆಲಸ ಬಿಡುತ್ತಾನೆ, ಇಲ್ಲವೇ ತಾನೂ ಗುಣ ಇಳಿಸುತ್ತಾನೆ. ಅನೇಕ ಸಣ್ಣ ಊರುಗಳ ಕಸುಬುಗಳು ಹೀಗೆಯೇ ಸೊರಗಿದವು. ಅಲ್ಲಿ ಕೈಗಾರಿಕೆಯ ಜಾಣ್ಮೆಗೇನೂ ಕೊರತೆಯಿರಲಿಲ್ಲ; ಮುಖದ ಜಾಗದಲ್ಲಿ ನಿಲ್ಲಬಲ್ಲ ಇನ್ನೊಂದು ಸಾಕ್ಷಿ ಇರಲಿಲ್ಲ, ಅಷ್ಟೆ.

ಅಯ್ಯಾವೊಳೆಯ ಐನೂರ್ವರು

ಈ ತೊಡಕು ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನ ವರ್ತಕರು ಇದನ್ನು ಎದುರಿಸಿದ್ದರು. ಮಲಪ್ರಭೆಯ ದಡದ ಐಹೊಳೆಯನ್ನು ಇಂದು ಜನ ಚಾಲುಕ್ಯರ ಗುಡಿಗಳಿಗಾಗಿ ನೋಡಲು ಹೋಗುತ್ತಾರೆ. ಅದೇ ಊರಿನ ಹಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕ ಸಂಘ ಮಧ್ಯಯುಗದ ದಕ್ಷಿಣ ಭಾರತದಲ್ಲಿ ಬಹು ದೊಡ್ಡ ಹೆಸರು ಪಡೆದಿತ್ತು. ಈ ಸಂಘದ ಶಾಸನಗಳು ಕರ್ನಾಟಕದಲ್ಲಷ್ಟೇ ಅಲ್ಲದೆ ಆಂಧ್ರ, ತಮಿಳುನಾಡುಗಳಲ್ಲೂ ಶ್ರೀಲಂಕೆಯಲ್ಲೂ ದೊರೆತಿವೆ. ಸುಮಾತ್ರಾ ದ್ವೀಪದ ಬರುಸ್ ಬಳಿ ಸಿಕ್ಕಿರುವ 1088ರ ತಮಿಳು ಶಾಸನವೂ ಐನೂರ್ವರ ಹೆಸರನ್ನು ಹೇಳುತ್ತದೆ. ಆ ಸೀಮೆ ಕರ್ಪೂರಕ್ಕೆ ಪ್ರಸಿದ್ಧವಾಗಿತ್ತು.

ನದಿದಂಡೆಯ ಒಂದು ಊರಿನ ಹೆಸರು ಸಮುದ್ರದಾಚೆಗೆ ಹೋಗಿ ಕಲ್ಲಿನ ಮೇಲೆ ಕುಳಿತದ್ದು ಆ ಹೆಸರಿಗಿದ್ದ ಬೆಲೆಯಿಂದ. ಸಂಘದ ಸದಸ್ಯರೆಲ್ಲ ಐಹೊಳೆಯವರೇ ಆಗಿರಲಿಲ್ಲ. ಬೇರೆ ಬೇರೆ ಪ್ರಾಂತದ, ಬೇರೆ ಬೇರೆ ಭಾಷೆಯ ವರ್ತಕರು ಅದರಲ್ಲಿದ್ದರು. ಶಾಸನಗಳಲ್ಲಿ ಅವರು ತಮ್ಮನ್ನು ‘ವೀರಬಣಂಜು ಧರ್ಮ’ವನ್ನು ಕಾಪಾಡುವವರು ಎಂದು ಕರೆದುಕೊಳ್ಳುತ್ತಾರೆ. ಬಣಂಜು ಎಂದರೆ ವ್ಯಾಪಾರ. ಅದಕ್ಕೊಂದು ಧರ್ಮವುಂಟು, ಅದನ್ನು ಕಾಯುವುದು ಸಂಘದ ಹೊಣೆ ಎಂಬುದು ಆ ಮಾತಿನ ಅರ್ಥ. ಅವರು ಸಭೆ ಸೇರಿ ತಮ್ಮ ಸರಕುಗಳ ಮೇಲೆ ತಾವೇ ಇಂತಿಷ್ಟು ಆಯವನ್ನು ಹಾಕಿಕೊಂಡು ದೇವಾಲಯಗಳಿಗೆ ಕೊಟ್ಟ ದಾಖಲೆಗಳು ಅನೇಕ ಶಾಸನಗಳಲ್ಲಿವೆ. ಅಪರಿಚಿತ ಊರಿನಲ್ಲಿ ‘ಇವನು ಐನೂರ್ವರಲ್ಲಿ ಒಬ್ಬ’ ಎಂಬ ಮಾತು ವರ್ತಕನಿಗೆ ಪರಿಚಯಪತ್ರವಾಗಿ ನಿಲ್ಲುತ್ತಿತ್ತು. ಮುಖದ ಜಾಗದಲ್ಲಿ ಸಂಘ ಬಂದಿತ್ತು.

ಅಳತೆಯ ಮಾತೂ ಹಾಗೆಯೇ. ಕೊಳಗ, ಬಳ್ಳ, ಮಾನ, ಸೊಲಿಗೆಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಭೂಮಿ ಅಳೆಯುವ ಕೋಲಿನ ಉದ್ದವನ್ನು ದೇವಾಲಯದ ಕಲ್ಲಿನ ಮೇಲೆ ಕೊರೆದಿಟ್ಟ ಉದಾಹರಣೆಗಳು ದಕ್ಷಿಣ ಭಾರತದಲ್ಲಿವೆ. ಜಗಳ ಬಂದಾಗ ಯಾರ ಮಾತನ್ನೂ ನಂಬಬೇಕಾಗಿಲ್ಲ, ಕೋಲು ತಂದು ಕಲ್ಲಿಗೆ ಹಿಡಿದರೆ ಸಾಕು. ಎಲ್ಲರಿಗೂ ಕಾಣುವ ಜಾಗದಲ್ಲಿ ಎಲ್ಲರಿಗೂ ಒಂದೇ ಅಳತೆ ಎಂಬುದೇ ಗುಣಮಟ್ಟದ ಮೊದಲ ಪಾಠ.

ಹೆಂಚಿನ ಮೇಲಿನ ಅಚ್ಚು

ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ಮಂಗಳೂರಿಗೆ ಬರಬಹುದು. ಕರಾವಳಿಯಲ್ಲಿ ಆಗ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಮಾಡು. ಉಳ್ಳವರ ಮನೆಗೆ ಕೈಯಿಂದ ಬಾಗಿಸಿ ಮಾಡಿದ ನಾಡಹೆಂಚು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಆ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನದಿಯ ಬದಿಯಲ್ಲಿ ಒಳ್ಳೆಯ ಆವೆಮಣ್ಣು, ಘಟ್ಟದ ಸೌದೆ, ಸಾಗಿಸಲು ದೋಣಿ, ಮುಂದೆ ಬಂದರು ಎಲ್ಲವೂ ಅಲ್ಲಿಯೇ ಇದ್ದವು.

ಮಣ್ಣು, ಸೌದೆ ಮೊದಲೂ ಇದ್ದವು. ಹಾಗಾದರೆ ಹೊಸದಾಗಿ ಬಂದದ್ದೇನು? ಏಕರೂಪತೆ. ಈ ಹೆಂಚುಗಳ ಅಂಚಿನಲ್ಲಿ ಏಣು ಮತ್ತು ತೋಡುಗಳಿರುತ್ತವೆ. ಒಂದರ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಕೂರಬೇಕು. ಒಂದು ಹೆಂಚು ಸೊಟ್ಟಗಿದ್ದರೆ ಅದರ ಜೊತೆಗೆ ಅಕ್ಕಪಕ್ಕದವೂ ಕೂರುವುದಿಲ್ಲ, ಮಳೆಗಾಲದಲ್ಲಿ ಮನೆ ಸೋರುತ್ತದೆ. ಆದ್ದರಿಂದ ಮೊದಲನೆಯ ಹೆಂಚೂ ಹತ್ತು ಸಾವಿರದನೆಯ ಹೆಂಚೂ ಒಂದೇ ಅಳತೆಯಲ್ಲಿರಲೇಬೇಕು. ಮಣ್ಣನ್ನು ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಒಂದೇ ಹದಕ್ಕೆ ಸುಡುವುದು, ಬಿರುಕು ಬಿಟ್ಟದ್ದನ್ನೂ ಬೆಂದದ್ದು ಸಾಲದ್ದನ್ನೂ ಆರಿಸಿ ಬೇರೆ ಹಾಕುವುದು ಇವೆಲ್ಲ ಇದಕ್ಕಾಗಿಯೇ ಬಂದ ಶಿಸ್ತು.

ಇನ್ನೊಂದು ಸಂಗತಿಯೂ ಗಮನಾರ್ಹ. ಹೆಂಚಿನ ಮೈಮೇಲೆಯೇ ಕಾರ್ಖಾನೆಯ ಹೆಸರನ್ನು ಅಚ್ಚೊತ್ತುತ್ತಿದ್ದರು. ಮಣ್ಣು ಹಸಿಯಿದ್ದಾಗ ಬಿದ್ದ ಹೆಸರು ಬೆಂದ ಮೇಲೆ ಅಳಿಸುವುದಿಲ್ಲ. ನೂರು ವರ್ಷ ದಾಟಿದ ಮನೆಯ ಮಾಡಿನಿಂದ ಇಳಿಸಿದ ಹೆಂಚಿನಲ್ಲೂ ಅದನ್ನು ಓದಬಹುದು. ಸೋರಿದರೆ ಯಾರನ್ನು ಕೇಳಬೇಕೆಂಬುದು ಹೆಂಚಿನ ಮೇಲೆಯೇ ಬರೆದಿದೆ. ಹೆಸರು ಹಾಕುವವನು ಕೆಟ್ಟ ಹೆಂಚನ್ನು ಗೂಡಿನ ಬಾಗಿಲಲ್ಲೇ ಒಡೆಯಬೇಕಾಗುತ್ತದೆ, ಏಕೆಂದರೆ ಹೊರಗೆ ಹೋದರೆ ಅದು ಅವನ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಮಂಗಳೂರು ಹೆಂಚು ಹಡಗೇರಿ ಮುಂಬಯಿಗೂ ಹೊರದೇಶಗಳಿಗೂ ಹೋಯಿತು. ಊರಿನವರೂ ಕಾರ್ಖಾನೆಗಳನ್ನು ತೆರೆದರು. ಮುಂದೆ ಬೇರೆ ಪ್ರಾಂತಗಳಲ್ಲೂ ಅದೇ ಆಕಾರದ ಹೆಂಚು ತಯಾರಾಗತೊಡಗಿದಾಗ ಜನ ಅದನ್ನೂ ಮಂಗಳೂರು ಹೆಂಚು ಎಂದೇ ಕರೆದರು. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಐ.ಎಸ್. 654 ಎಂಬುದು ‘ಮಂಗಳೂರು ಮಾದರಿ’ಯ ಮಣ್ಣಿನ ಹೆಂಚಿಗೆ ಸಂಬಂಧಿಸಿದ್ದು. ಎಲ್ಲಿ ಮಾಡಿದರೂ ಅದು ಮಂಗಳೂರು ಮಾದರಿಯೇ. ಇದು ಊರಿಗೆ ಸಂದ ಗೌರವವೂ ಹೌದು, ನಷ್ಟವೂ ಹೌದು. ಊರಿನ ಹೆಸರು ಒಂದು ಆಕಾರದ ಹೆಸರಾಗಿ ಮಾರ್ಪಟ್ಟ ಮೇಲೆ ಆ ಹೆಸರಿನ ಲಾಭ ಆ ಊರಿಗೇ ಬರಬೇಕೆಂಬ ನಿಯಮವಿಲ್ಲ. ಕಾಂಕ್ರೀಟಿನ ತಾರಸಿ ಬಂದ ಮೇಲಂತೂ ನೇತ್ರಾವತಿ, ಗುರುಪುರ ನದಿಗಳ ದಡದ ಅನೇಕ ಕಾರ್ಖಾನೆಗಳು ಮುಚ್ಚಿಹೋದವು. ಹೆಸರು ಮಾತ್ರ ದೇಶದ ತುಂಬ ಉಳಿದಿದೆ.

ಪೇಢೆಯ ಹದ

ಹೆಂಚಿಗೆ ಅಚ್ಚು ಒತ್ತಬಹುದು, ತಿಂಡಿಗೆ ಒತ್ತುವುದು ಹೇಗೆ? ಧಾರವಾಡದ ಪೇಢೆಯ ಕತೆ ಇಲ್ಲಿ ಪ್ರಸ್ತುತ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಅಂಜಿ ಧಾರವಾಡಕ್ಕೆ ಬಂದ ಠಾಕೂರ್ ಮನೆತನದವರು ಇದನ್ನು ಆರಂಭಿಸಿದರೆಂದು ಊರಿನಲ್ಲಿ ಹೇಳುತ್ತಾರೆ. ಲೈನ್ ಬಜಾರಿನ ಬಾಬುಸಿಂಗ್ ಠಾಕೂರ್ ಹೆಸರಿನ ಅಂಗಡಿ ಆ ಪರಂಪರೆಯದು. ಎಮ್ಮೆಯ ಹಾಲನ್ನು ಖವಾ ಮಾಡಿ, ಸಕ್ಕರೆ ಸೇರಿಸಿ, ಸಣ್ಣ ಉರಿಯ ಮೇಲೆ ಕಂದು ಬಣ್ಣ ಬರುವವರೆಗೆ ಕೈಬಿಡದೆ ಹುರಿದು, ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುವುದು ಇದರ ಕ್ರಮ. ಮಥುರೆಯ ಬಿಳಿಚು ಪೇಢೆಗಿಂತ ಇದು ಬೇರೆಯಾಗುವುದು ಈ ಹುರಿಯುವ ಹದದಿಂದಲೇ. ನೀರಿನಂಶ ಆರುವುದರಿಂದ ಪ್ರಯಾಣದಲ್ಲೂ ಕೆಡದೆ ನಿಲ್ಲುತ್ತದೆ. ಧಾರವಾಡಕ್ಕೆ ಓದಲು ಬಂದ ವಿದ್ಯಾರ್ಥಿಗಳೂ ಕಚೇರಿಯ ಕೆಲಸಕ್ಕೆ ಬಂದವರೂ ಊರಿಗೆ ಮರಳುವಾಗ ಕಟ್ಟಿಸಿಕೊಂಡು ಹೋಗಲು ಇದೂ ಒಂದು ಕಾರಣ.

ಹದ ಎಂಬುದು ಪುಸ್ತಕದಲ್ಲಿ ಬರೆದಿಡಲು ಕಷ್ಟವಾದ ಗುಣ. ಉರಿ ಸ್ವಲ್ಪ ಜಾಸ್ತಿಯಾದರೆ ಸೀದ ವಾಸನೆ, ಕಡಿಮೆಯಾದರೆ ಹಸಿ. ಅದು ಕಣ್ಣಿನ ಮತ್ತು ಕೈಯ ಲೆಕ್ಕ. ಇಂಥ ಸರಕಿಗೆ ಎರಡು ದಾರಿಗಳುಂಟು. ಒಂದು, ಕೈಗೆ ನಿಲುಕುವಷ್ಟನ್ನೇ ಮಾಡಿ, ಮುಗಿದ ಮೇಲೆ ಬಾಗಿಲು ಹಾಕುವುದು. ಎರಡು, ಹದವನ್ನು ಕ್ರಮಬದ್ಧಗೊಳಿಸಿ, ಹೆಚ್ಚು ಮಾಡಿ, ಹತ್ತಾರು ಊರುಗಳಲ್ಲಿ ಮಳಿಗೆ ತೆರೆಯುವುದು. ಧಾರವಾಡದಲ್ಲಿ ಎರಡೂ ನಡೆದಿವೆ. ಠಾಕೂರರ ಅಂಗಡಿಯ ಮುಂದಿನ ಸರತಿ ಸಾಲು ಮೊದಲನೆಯದಕ್ಕೆ ಸಾಕ್ಷಿಯಾದರೆ, ಮಿಶ್ರಾ ಹೆಸರಿನ ಮಳಿಗೆಗಳು ಎರಡನೆಯದಕ್ಕೆ. ಯಾವುದು ಉತ್ತಮ ಎಂಬ ವಾದ ಧಾರವಾಡದ ಮನೆಮನೆಗಳಲ್ಲಿ ಇಂದಿಗೂ ಮುಗಿದಿಲ್ಲ. ವ್ಯಾಪಾರದ ದೃಷ್ಟಿಯಿಂದ ಎರಡೂ ಸರಿಯಾದ ದಾರಿಗಳೇ. ತಪ್ಪು ದಾರಿ ಮೂರನೆಯದು: ಬೇಡಿಕೆ ಬಂತೆಂದು ಒಂದೇ ಸಮನೆ ಹೆಚ್ಚು ಮಾಡಿ, ಹದ ಕಲಿಯದ ಕೈಗೆ ಬಾಣಲೆ ಕೊಟ್ಟು, ಹೆಸರನ್ನು ಮಾತ್ರ ಅದೇ ಇಟ್ಟುಕೊಳ್ಳುವುದು. ಹೆದ್ದಾರಿಯ ಬಸ್ ನಿಲ್ದಾಣಗಳಲ್ಲಿ ಪ್ರಸಿದ್ಧ ಊರಿನ ಹೆಸರು ಬರೆದ ಡಬ್ಬಿ ಕೊಂಡು ಮನೆಯಲ್ಲಿ ಬಿಚ್ಚಿ ನಿರಾಶರಾದವರಿಗೆ ಈ ದಾರಿಯ ಪರಿಚಯವಿದೆ.

ಕೊಂಡಿ ಹಾಕಿದ ಸೀರೆ

ಇಳಕಲ್ ಸೀರೆಯ ಸಂಕಟ ಇನ್ನೂ ತೀವ್ರವಾದದ್ದು. ಬಾಗಲಕೋಟೆ ಜಿಲ್ಲೆಯ ಈ ಸೀರೆಗೆ ಒಡಲು ಹತ್ತಿಯದು ಅಥವಾ ಹತ್ತಿ ರೇಷ್ಮೆ ಬೆರೆತದ್ದು, ಸೆರಗು ಮಾತ್ರ ಕೆಂಪು ರೇಷ್ಮೆಯದು. ಸೆರಗಿನ ಮೇಲೆ ಬಿಳಿಯ ತೋಪು ತೆನೆಯ ವಿನ್ಯಾಸ, ಅಂಚಿನಲ್ಲಿ ಗೋಮಿ, ಚಿಕ್ಕಿಪರಾಸಗಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳ ತುದಿಗೆ ಸೆರಗಿನ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ಇದೇ ‘ಕೊಂಡಿ’. ಸಾವಿರಾರು ಎಳೆಗಳಿಗೆ ಸಾವಿರಾರು ಕೊಂಡಿ. ಹೀಗಾಗಿ ಬೇರೆ ಕಡೆಯಂತೆ ಹತ್ತಾರು ಸೀರೆಗೆ ಒಂದೇ ಉದ್ದನೆಯ ಹಾಸು ಹೂಡಲಾಗದು, ಸೀರೆ ಸೀರೆಗೂ ಬೇರೆ ಹಾಸು ಬೇಕು. ಮಗ್ಗದ ಮೇಲೆ ಕೂರುವ ಮೊದಲೇ ಮನೆಯ ಹೆಂಗಸರ ಎಷ್ಟೋ ಹೊತ್ತಿನ ಕೆಲಸ ಇದರಲ್ಲಿ ಸೇರಿಹೋಗಿರುತ್ತದೆ.

ವಿದ್ಯುತ್ ಮಗ್ಗಕ್ಕೆ ಈ ಕೊಂಡಿಯ ಗೊಡವೆಯಿಲ್ಲ. ಸೆರಗಿನ ವಿನ್ಯಾಸದ ನಕಲನ್ನು ಒಂದೇ ಓಟದಲ್ಲಿ ನೇಯ್ದುಬಿಡಬಹುದು. ಕೃತಕ ನೂಲು ಬಳಸಿದರೆ ಬೆಲೆ ಇನ್ನೂ ಇಳಿಯುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಇಳಕಲ್ ಸೀರೆಯೇ. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ 1985ರಲ್ಲಿಯೇ ಬಂದಿತು. ಆದರೂ ನಕಲು ನಿಲ್ಲಲಿಲ್ಲ. ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಿಲ್ಲದಿದ್ದಾಗ ಕಾಯಿದೆಯೊಂದೇ ಏನು ಮಾಡೀತು?

1999ರಲ್ಲಿ ಸಂಸತ್ತು ಅಂಗೀಕರಿಸಿ, 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಭೌಗೋಳಿಕ ಗುರುತಿನ ಕಾಯಿದೆ ಈ ತೊಡಕಿಗೆ ಒಂದು ದಾರಿ ತೋರಿತು. ಊರಿನ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ, ಅಲ್ಲಿ ಆ ಕ್ರಮದಲ್ಲಿ ತಯಾರಿಸುವವರೆಲ್ಲರ ಸ್ವತ್ತು ಎಂಬುದು ಇದರ ತಿರುಳು. ಚೆನ್ನೈನಲ್ಲಿರುವ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸುವಾಗ ಸರಕಿನ ಲಕ್ಷಣ, ತಯಾರಿಸುವ ವಿಧಾನ, ಊರಿನ ಎಲ್ಲೆ, ತಪಾಸಣೆಯ ಏರ್ಪಾಡು ಎಲ್ಲವನ್ನೂ ಬರೆದುಕೊಡಬೇಕು. ಇಳಕಲ್ ಸೀರೆ, ಧಾರವಾಡ ಪೇಢೆ, ಚನ್ನಪಟ್ಟಣದ ಗೊಂಬೆ, ಮೊಳಕಾಲ್ಮೂರು ಸೀರೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲವೂ ಹೀಗೆ ನೋಂದಣಿ ಪಡೆದಿವೆ. ಆದರೆ ನೋಂದಣಿ ಆದೊಡನೆ ಕೆಲಸ ಮುಗಿಯುವುದಿಲ್ಲ. ತಯಾರಕರು ಪ್ರತ್ಯೇಕವಾಗಿ ‘ಅಧಿಕೃತ ಬಳಕೆದಾರ’ರಾಗಿ ಹೆಸರು ಬರೆಸಬೇಕು, ಗುರುತನ್ನು ಸರಕಿನ ಮೇಲೆ ಹಾಕಬೇಕು, ನಕಲು ಕಂಡಾಗ ದೂರು ಕೊಡಬೇಕು. ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ನೇಕಾರನ ಮನೆಗೆ ಅದರಿಂದ ಒಂದು ಕಾಸೂ ಬರುವುದಿಲ್ಲ.

ಕಾಣದ ಗುಣ

ಸೀರೆಯ ಕೊಂಡಿಯನ್ನು ತಿರುಗಿಸಿ ನೋಡಿದರೆ ಕಾಣುತ್ತದೆ. ಕೆಲವು ಗುಣಗಳು ಹಾಗೆಯೂ ಕಾಣುವುದಿಲ್ಲ. ಚನ್ನಪಟ್ಟಣದ ಗೊಂಬೆಯಲ್ಲಿ ಬಳಸುವ ಆಲೆಮರ ಬಿಳಿಯಾದ, ಮೆದುವಾದ, ನಯವಾಗಿ ಕಡೆಯಲು ಬರುವ ಮರ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಶಾಖಕ್ಕೇ ಅರಗು ಕರಗಿ ಮರವನ್ನು ಹತ್ತುತ್ತದೆ. ಒಣ ಗರಿಯಿಂದ ಒತ್ತಿ ಸವರಿದಾಗ ಕನ್ನಡಿಯ ಹೊಳಪು ಬರುತ್ತದೆ. ಅರಗಿಗೆ ಬೆರೆಸಿದ್ದು ಅರಿಸಿನದಂಥ ಗಿಡಮೂಲದ ಬಣ್ಣವೋ, ಮಗುವಿನ ಹೊಟ್ಟೆಗೆ ಹೋಗಬಾರದ ರಾಸಾಯನಿಕವೋ ಎಂಬುದು ಅಂಗಡಿಯಲ್ಲಿ ಕಣ್ಣಿಗೆ ಕಾಣದು. ಆದರೆ ತಾಯಿಗೆ ಬೇಕಾದದ್ದು ಅದೇ ಗುಣ, ಏಕೆಂದರೆ ಕೂಸು ಮೊದಲು ಮಾಡುವುದು ಗೊಂಬೆಯನ್ನು ಬಾಯಿಗೆ ಇಡುವುದನ್ನು.

ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆಯನ್ನು ತುಂಬಿದ ವರ್ಷಗಳಲ್ಲಿ ಚನ್ನಪಟ್ಟಣ ಬಹಳ ನಲುಗಿತು. ಬೆಲೆಯಲ್ಲಿ ಅವುಗಳೊಡನೆ ಸೆಣಸುವುದು ಆಗದ ಮಾತಾಗಿತ್ತು. ಗಿಡಮೂಲದ ಬಣ್ಣ, ಮೊನಚಿಲ್ಲದ ಅಂಚು, ಮರದ ಮೈ ಎಂಬ ಗುಣಗಳನ್ನು ಎತ್ತಿ ಹೇಳತೊಡಗಿದಾಗ ಬೇರೆ ಬಗೆಯ ಗಿರಾಕಿ ಸಿಕ್ಕಿದ. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು. ಎಲ್ಲ ಆಟಿಕೆಗಳಿಗೆ ಮಾನಕ ಗುರುತು ಕಡ್ಡಾಯ ಮಾಡುವ ಆದೇಶ 2021ರ ಜನವರಿ 1ರಿಂದ ಜಾರಿಯಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ದೊರೆಯಿತು. ವಿನಾಯಿತಿ ಸಿಕ್ಕಿತೆಂದರೆ ಹೊಣೆ ತಪ್ಪಿತೆಂದು ಅರ್ಥವಲ್ಲ. ಸರ್ಕಾರ ಪರೀಕ್ಷಿಸದ ಸರಕನ್ನು ಊರೇ ಪರೀಕ್ಷಿಸಿಕೊಳ್ಳಬೇಕು. ಯಾರೋ ಒಬ್ಬ ಅಗ್ಗದ ಬಣ್ಣ ಬಳಸಿ, ಅದರಿಂದ ಒಂದು ಮಗುವಿಗೆ ತೊಂದರೆಯಾದರೆ ಕೆಡುವುದು ಅವನೊಬ್ಬನ ಹೆಸರಲ್ಲ, ಇಡೀ ಚನ್ನಪಟ್ಟಣದ್ದು.

ಬೆಂಗೇರಿಯ ಧ್ವಜ

ಗುಣಮಟ್ಟದ ಅತಿ ಕಠಿಣವಾದ ಪರೀಕ್ಷೆಗೆ ಒಳಗಾದ ಸರಕೂ ಈ ನಾಡಿನ ಸಣ್ಣ ಊರುಗಳಲ್ಲೇ ಹುಟ್ಟುತ್ತದೆ. ಅದೇ ರಾಷ್ಟ್ರಧ್ವಜ. ಭಾರತೀಯ ಮಾನಕ ಸಂಸ್ಥೆ ಆರಂಭವಾದದ್ದು 1947ರ ಜನವರಿಯಲ್ಲಿ. ಅದು ರೂಪಿಸಿದ ಮಾನಕಗಳಲ್ಲಿ ಐ.ಎಸ್. 1, ಅಂದರೆ ಒಂದನೆಯ ಸಂಖ್ಯೆ, ರಾಷ್ಟ್ರಧ್ವಜದ್ದು. ನೂಲಿನ ಬಲ, ಬಟ್ಟೆಯ ನೇಯ್ಗೆ, ಮೂರು ಬಣ್ಣಗಳ ಛಾಯೆ, ಚಕ್ರದ 24 ಕಡ್ಡಿಗಳು, ಹೊಲಿಗೆ, ಹಗ್ಗ ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ. ಧ್ವಜದ ಗಾತ್ರಗಳು ಒಂಬತ್ತು. ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ, ಅತಿ ಚಿಕ್ಕದು ಮೇಜಿನ ಮೇಲಿಡುವ 150ಕ್ಕೆ 100 ಮಿಲಿಮೀಟರಿನದು. ಗಾತ್ರ ಯಾವುದಾದರೂ ಉದ್ದ ಅಗಲಗಳು ಮೂರಕ್ಕೆ ಎರಡರಂತೆಯೇ ಇರಬೇಕು.

ಧಾರವಾಡ ತಾಲ್ಲೂಕಿನ ಗರಗ ಗ್ರಾಮ ಧ್ವಜದ ಖಾದಿ ಬಟ್ಟೆಗೆ ಬಹುಕಾಲದಿಂದ ಹೆಸರಾದದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು ಸ್ಥಾಪನೆಯಾಯಿತು. ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ಅದು ರಾಷ್ಟ್ರಧ್ವಜವನ್ನು ತಯಾರಿಸುತ್ತ ಬಂದಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಅದಕ್ಕೆ ಬಟ್ಟೆ ನೇಯುತ್ತಾರೆ. ಕೆಲಸಗಾರರಲ್ಲಿ ಹೆಚ್ಚಿನವರು ಮಹಿಳೆಯರು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಹಗ್ಗ ಕಟ್ಟುವುದು ಇವು ಹಂತಗಳು. ಯಾವ ಹಂತದಲ್ಲಿ ಅಳತೆ ತಪ್ಪಿದರೂ ಬಟ್ಟೆ ತಿರಸ್ಕೃತ. ಕಡ್ಡಿಯ ಎಣಿಕೆಯಲ್ಲಿ, ಬಣ್ಣದ ಛಾಯೆಯಲ್ಲಿ ‘ನಡೆಯುತ್ತೆ ಬಿಡಿ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಇಂಥ ಶಿಸ್ತಿನ ಸಂಸ್ಥೆಗೂ ಪೆಟ್ಟು ಬಿದ್ದಿತು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಂದ ತಿದ್ದುಪಡಿ ಯಂತ್ರದಿಂದ ಮಾಡಿದ, ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅವಕಾಶ ನೀಡಿತು. 2022ರ ಆಗಸ್ಟಿನಲ್ಲಿ ಮನೆಮನೆಯಲ್ಲೂ ಧ್ವಜ ಹಾರಿಸುವ ಅಭಿಯಾನ ನಡೆದಾಗ ದೇಶಕ್ಕೆ ಕೋಟಿಗಟ್ಟಲೆ ಧ್ವಜಗಳು ಬೇಕಾದವು. ಅಷ್ಟನ್ನು ಕೈನೂಲಿನಿಂದ ಒದಗಿಸಲು ಯಾರಿಂದಲೂ ಆಗುತ್ತಿರಲಿಲ್ಲ ಎಂಬುದು ನಿಜ. ಆದರೆ ಬೆಂಗೇರಿಯಲ್ಲಿ ನಿರೀಕ್ಷಿಸಿದ್ದ ಬೇಡಿಕೆ ಬರಲಿಲ್ಲ, ಕೆಲಸಗಾರರು ಪ್ರತಿಭಟನೆಗೆ ಇಳಿದರು. ಅದೇ ಸಮಯದಲ್ಲಿ ಅಳತೆ ತಪ್ಪಿದ, ಚಕ್ರ ಮಧ್ಯದಲ್ಲಿಲ್ಲದ ಧ್ವಜಗಳ ಬಗ್ಗೆ ಪತ್ರಿಕೆಗಳಲ್ಲಿ ದೂರುಗಳೂ ಬಂದವು.

ಬೆಂಗೇರಿಯ ಗುಣಮಟ್ಟದಲ್ಲಿ ಒಂದೆಳೆಯಷ್ಟೂ ಕೊರತೆಯಿರಲಿಲ್ಲ. ಆದರೂ ವ್ಯಾಪಾರ ಕುಗ್ಗಿತು. ಏಕೆ? ಆ ಗುಣಕ್ಕೆ ಬೆಲೆ ಬಂದಿದ್ದು ಬಹುಮಟ್ಟಿಗೆ ನಿಯಮದ ಬಲದಿಂದ. ನಿಯಮ ಸಡಿಲವಾದಾಗ, ಗುಣವನ್ನು ಕೇಳಿ ಕೊಳ್ಳುವ ಗಿರಾಕಿಯೂ ಸಾಕಷ್ಟು ಇಲ್ಲದಿದ್ದಾಗ, ಉತ್ತಮ ಸರಕು ಗೋದಾಮಿನಲ್ಲೇ ಉಳಿಯಿತು. ಮಾಲು ಒಳ್ಳೆಯದಿದ್ದರೆ ಗಿರಾಕಿ ತಾನಾಗಿ ಬರುತ್ತಾನೆಂಬ ಹಿರಿಯರ ಮಾತಿಗೆ ಇಲ್ಲಿ ತಿದ್ದುಪಡಿ ಬೇಕಾಗುತ್ತದೆ.

ಊರು ಮಾಡಬೇಕಾದ ಕೆಲಸ

ಇವೆಲ್ಲದರಿಂದ ಸಣ್ಣ ಊರಿನ ವರ್ತಕರೂ ಕುಶಲಕರ್ಮಿಗಳೂ ತೆಗೆದುಕೊಳ್ಳಬಹುದಾದ ಪಾಠಗಳು ಕೆಲವುಂಟು. ಅವಕ್ಕೆ ದೊಡ್ಡ ಬಂಡವಾಳವೇನೂ ಬೇಡ.

ಮೊದಲನೆಯದು, ಅಳತೆಯನ್ನು ಬರೆದಿಡುವುದು. ಎಷ್ಟು ಹಾಲಿಗೆ ಎಷ್ಟು ಸಕ್ಕರೆ, ಎಷ್ಟು ಹೊತ್ತು ಉರಿ, ಯಾವ ನೂಲು, ಯಾವ ಬಣ್ಣ ಎಂಬುದು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅವರೊಂದಿಗೇ ಹೋಗುತ್ತದೆ. ಹದವನ್ನು ಪೂರ್ತಿಯಾಗಿ ಬರೆಯಲಾಗದಿದ್ದರೂ ಬರೆಯಬಹುದಾದಷ್ಟನ್ನು ಬರೆಯಬೇಕು, ಉಳಿದದ್ದನ್ನು ಕಲಿಸಬೇಕು.

ಎರಡನೆಯದು, ತಿರಸ್ಕರಿಸುವ ಧೈರ್ಯ. ಗೂಡಿನ ಬಾಗಿಲಲ್ಲಿ ಕೆಟ್ಟ ಹೆಂಚನ್ನು ಒಡೆದವರು ನಷ್ಟ ಮಾಡಿಕೊಂಡವರಲ್ಲ. ಕೆಟ್ಟದ್ದನ್ನು ‘ಎರಡನೆಯ ದರ್ಜೆ’ ಎಂದು ಸ್ಪಷ್ಟವಾಗಿ ಹೇಳಿ ಕಡಿಮೆ ಬೆಲೆಗೆ ಮಾರುವುದರಲ್ಲೂ ತಪ್ಪಿಲ್ಲ. ಒಳ್ಳೆಯದರ ನಡುವೆ ಸೇರಿಸಿ ಮಾರುವುದೇ ತಪ್ಪು.

ಮೂರನೆಯದು, ಸರಕಿನ ಮೇಲೆ ಹೆಸರು ಹಾಕುವುದು. ಊರಿನ ಹೆಸರಿನ ಜೊತೆಗೆ ತಯಾರಿಸಿದವರ ಹೆಸರೂ ವಿಳಾಸವೂ ಇರಬೇಕು. ಬರೀ ಊರಿನ ಹೆಸರಿದ್ದರೆ ಹೊಣೆ ಎಲ್ಲರದ್ದೂ ಆಗಿ ಕೊನೆಗೆ ಯಾರದ್ದೂ ಅಲ್ಲವಾಗುತ್ತದೆ.

ನಾಲ್ಕನೆಯದು, ಕೊಳ್ಳುವವರಿಗೆ ಕಲಿಸುವುದು. ಇಳಕಲ್ ಸೀರೆಯ ಸೆರಗು ಒಡಲನ್ನು ಸೇರುವ ಜಾಗವನ್ನು ತಿರುಗಿಸಿ ತೋರಿಸಿ, ‘ನೋಡಿ ತಾಯಿ, ಇದು ಕೊಂಡಿ’ ಎಂದು ಹೇಳುವ ಅಂಗಡಿಯವನು ಒಂದು ಸೀರೆಯನ್ನಷ್ಟೇ ಮಾರುವುದಿಲ್ಲ. ಆಕೆ ಮನೆಗೆ ಹೋಗಿ ಹತ್ತು ಜನರಿಗೆ ತೋರಿಸುತ್ತಾಳೆ. ನಕಲಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು, ಕೂಲಿಯ ಮಾತು. ಗುಣ ಎಂಬುದು ಕೊನೆಗೆ ಯಾರದೋ ಹೊತ್ತು ಮತ್ತು ಗಮನ. ಕೊಂಡಿ ಹಾಕುವ ಹೆಂಗಸಿಗೆ, ನೂಲುವ ಮುದುಕಿಗೆ, ಲೇತಿನ ಮುಂದೆ ಕುಳಿತವನಿಗೆ ಹೊಟ್ಟೆ ತುಂಬುವಷ್ಟು ಸಿಗದಿದ್ದರೆ ಅವರ ಮಕ್ಕಳು ಆ ಕೆಲಸಕ್ಕೆ ಬರುವುದಿಲ್ಲ. ಬರಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ. ಊರಿನ ಹೆಸರಿನಿಂದ ಬಂದ ಹೆಚ್ಚಿನ ಬೆಲೆ ಮಾರುವವನ ಗಲ್ಲಾದಲ್ಲೇ ನಿಂತು, ಮಾಡುವವರ ಕೈ ತಲುಪದಿದ್ದರೆ, ಹತ್ತಿಪ್ಪತ್ತು ವರ್ಷಗಳಲ್ಲಿ ಹೆಸರು ಇರುತ್ತದೆ, ಸರಕು ಇರುವುದಿಲ್ಲ.

ಕೊನೆಯದಾಗಿ, ಇವುಗಳನ್ನು ಕಾಯಲು ಒಂದು ಸಂಘ ಬೇಕು. ಚಂದಾ ಎತ್ತುವುದಕ್ಕೂ ವಾರ್ಷಿಕ ಸನ್ಮಾನಕ್ಕೂ ಸೀಮಿತವಾದ ಸಂಘವಲ್ಲ. ತನ್ನ ಸದಸ್ಯನ ಸರಕನ್ನೇ ತೆರೆದು ನೋಡಿ, ‘ಇದು ಊರಿನ ಹೆಸರಿಗೆ ತಕ್ಕದ್ದಲ್ಲ, ಇದರ ಮೇಲೆ ಗುರುತು ಹಾಕಬೇಡ’ ಎಂದು ಮುಖದೆದುರು ಹೇಳಬಲ್ಲ ಸಂಘ. ಸಣ್ಣ ಊರಿನಲ್ಲಿ ಇದು ಸುಲಭವಲ್ಲ. ಎಲ್ಲರೂ ನೆಂಟರು, ನೆರೆಯವರು, ನಾಳೆ ಮದುವೆ ಮುಂಜಿಗಳಲ್ಲಿ ಪಂಕ್ತಿಯಲ್ಲಿ ಜೊತೆಗೆ ಕೂರುವವರು. ಆದರೆ ಹೊರಗಿನ ಗಿರಾಕಿ ಈ ದಾಕ್ಷಿಣ್ಯವನ್ನು ತೋರುವುದಿಲ್ಲ. ಆತ ದೂರು ಕೊಡುವ ಗೋಜಿಗೂ ಹೋಗದೆ ಮುಂದಿನ ಸಲ ಬೇರೆ ಊರಿನ ಸರಕನ್ನು ಕೊಳ್ಳುತ್ತಾನೆ. ಹೊರಗಿನವನು ಮೌನವಾಗಿ ದೂರ ಸರಿಯುವ ಮೊದಲು ಒಳಗಿನವರೇ ಗಟ್ಟಿಯಾಗಿ ಹೇಳಿಕೊಳ್ಳುವುದು ಲೇಸು.